ಲೂಸರ್ನ್ ಸರೋವರ: ಹತ್ತಿ, ಇಳಿದು, ನಡೆದು ನೋಡುವ ಬಗೆ

ಸ್ವಿಟ್ಜರ್ಲೆಂಡ್ ಪ್ಯಾಕೇಜಿನಲ್ಲಿ ಲೂಸರ್ನ್‌ಗೆ ಸಿಗುವುದು ಹೆಚ್ಚೆಂದರೆ ಅರ್ಧ ದಿನ. ಬಸ್ಸು ಊರ ನಡುವಿನ ಚೌಕದಲ್ಲಿ ಇಳಿಸುತ್ತದೆ. 14ನೇ ಶತಮಾನದ ಮರದ ಸೇತುವೆಯ ಮುಂದೆ ಫೋಟೊ, ಗಡಿಯಾರದ ಅಂಗಡಿ, ಚಾಕೊಲೇಟು, ಆಮೇಲೆ ಒಂದು ಗಂಟೆಯ ದೋಣಿ ಸುತ್ತು. ಆ ಸುತ್ತಿನಲ್ಲಿ ಕಾಣುವುದು ಚೆಂದವೇ. ಆದರೆ ದೋಣಿ ಹೋಗಿ ತಿರುಗುವುದು ಲೂಸರ್ನ್ ಊರಿನ ಎದುರಿನ ನೀರಿನಲ್ಲಷ್ಟೆ. ಅದರ ಆಚೆಗಿನ ಮುಕ್ಕಾಲು ಪಾಲು ಸರೋವರ ಬೆಟ್ಟಗಳ ಹಿಂದೆ ಮರೆಯಾಗಿಯೇ ಉಳಿಯುತ್ತದೆ. ಇಷ್ಟು ದೂರ ಬಂದವರು ಅದನ್ನು ನೋಡದೆ ಹೋಗುವುದು ನಿಜಕ್ಕೂ ಬೇಸರದ ಸಂಗತಿ. ಒಂದು ಪೂರ್ತಿ ದಿನ ಕೈಯಲ್ಲಿದ್ದರೂ ಸಾಕು, ಬೇರೆ ರೀತಿಯಲ್ಲಿ ನೋಡಬಹುದು. ಎರಡು ಮೂರು ದಿನ ಸಿಕ್ಕರಂತೂ ಸ್ವಿಟ್ಜರ್ಲೆಂಡಿನಲ್ಲಿ ಇದಕ್ಕಿಂತ ಒಳ್ಳೆಯ ರಜೆ ಕಷ್ಟ.

ಮೊದಲು ಸರೋವರದ ಆಕಾರ ತಲೆಯಲ್ಲಿ ಕೂರಬೇಕು. ನಕ್ಷೆ ತೆರೆದು ಐದು ನಿಮಿಷ ನೋಡಿ. ವಿಸ್ತಾರ ಸುಮಾರು 114 ಚದರ ಕಿ.ಮೀ., ಸಮುದ್ರಮಟ್ಟದಿಂದ ಎತ್ತರ 434 ಮೀಟರ್, ಅತಿ ಹೆಚ್ಚಿನ ಆಳ 214 ಮೀಟರ್. ಈ ಅಂಕಿಗಳಿಗಿಂತ ಮುಖ್ಯವಾದದ್ದು, ಇದು ದುಂಡಗಿನ ಕೆರೆಯಲ್ಲ ಎನ್ನುವುದು. ಲೂಸರ್ನ್ ಇರುವುದು ಪಶ್ಚಿಮದ ತುದಿಯಲ್ಲಿ. ಅಲ್ಲಿಂದ ಸ್ವಲ್ಪ ಮುಂದೆ ನಾಲ್ಕು ತೋಳುಗಳು ಒಂದು ಕಡೆ ಸೇರುತ್ತವೆ: ಒಂದು ಲೂಸರ್ನ್ ಕಡೆಗೆ, ಒಂದು ಉತ್ತರಕ್ಕೆ ಕ್ಯೂಸ್‌ನಾಖ್ಟ್ ಕಡೆಗೆ, ಒಂದು ದಕ್ಷಿಣಕ್ಕೆ ಆಲ್ಪ್‌ನಾಖ್ ಕಡೆಗೆ, ಮತ್ತೊಂದು ಪೂರ್ವಕ್ಕೆ ರಿಗಿ ಬೆಟ್ಟದ ಬುಡ ಹಿಡಿದು. ಪೂರ್ವದ ತೋಳು ಫಿಟ್ಸ್‌ನೌ ದಾಟಿದ ಮೇಲೆ ಎರಡು ಬಂಡೆಮೂತಿಗಳ ನಡುವೆ ಕಿರಿದಾಗಿ, ಮತ್ತೆ ಅಗಲವಾಗಿ, ಬ್ರುನ್ನೆನ್ ಊರಿನ ಹತ್ತಿರ ಥಟ್ಟನೆ ದಕ್ಷಿಣಕ್ಕೆ ತಿರುಗುತ್ತದೆ. ಅಲ್ಲಿಂದ ಫ್ಲೂಎಲೆನ್‌ವರೆಗಿನ ಕೊನೆಯ ಭಾಗಕ್ಕೆ ಊರಿ ಸರೋವರ ಎಂದೇ ಬೇರೆ ಹೆಸರಿದೆ. ಗಾಟ್‌ಹಾರ್ಡ್ ಕಡೆಯಿಂದ ಬರುವ ರಾಯ್ಸ್ ನದಿ ಅಲ್ಲಿ ಸರೋವರ ಸೇರಿ, ಲೂಸರ್ನ್‌ನಲ್ಲಿ ಹೊರಬೀಳುತ್ತದೆ.

ಹೀಗಾಗಿ ಒಂದು ತೋಳಿನಲ್ಲಿ ನಿಂತವರಿಗೆ ಇನ್ನೊಂದು ಕಾಣುವುದಿಲ್ಲ. ಕಾರಿನಲ್ಲಿ ದಡ ಹಿಡಿದು ಸುತ್ತು ಹಾಕೋಣ ಎಂದರೆ ಅದೂ ಆಗದು. ಊರಿ ಸರೋವರದ ಪಶ್ಚಿಮ ದಡದಲ್ಲಿ ರಸ್ತೆ ಬೌಎನ್ ಎಂಬ ಪುಟ್ಟ ಊರಿಗೆ ಬಂದು ನಿಂತುಬಿಡುತ್ತದೆ. ಮುಂದಿರುವುದು ನೀರಿನಿಂದ ನೆಟ್ಟಗೆ ಎದ್ದ ಬಂಡೆ. ಹೆದ್ದಾರಿ ಬೆಟ್ಟದ ಹೊಟ್ಟೆಯೊಳಗೆ ಒಂಬತ್ತು ಕಿ.ಮೀ.ಗೂ ಉದ್ದದ ಸುರಂಗದಲ್ಲಿ ಹೋಗುತ್ತದೆ, ಕಿಟಕಿಯಲ್ಲಿ ಕಾಣುವುದು ಟ್ಯೂಬ್‌ಲೈಟುಗಳು ಮಾತ್ರ. ಸ್ವಿಸ್ ಒಕ್ಕೂಟ ಹುಟ್ಟಿದ ಜಾಗ ಎಂದು ಆ ದೇಶದವರು ನಂಬುವ ರ್ಯೂಟ್ಲಿ ಹುಲ್ಲುಗಾವಲಿಗೆ ಇಂದಿಗೂ ಹೋಗುವುದು ಹಡಗಿನಲ್ಲಿ, ಇಲ್ಲವೇ ಕಾಲ್ನಡಿಗೆಯಲ್ಲಿ. ಈ ಸರೋವರ ಸುತ್ತಲು ನೀರಿನ ದಾರಿಯೇ ಮುಖ್ಯ ದಾರಿ. ರೈಲು, ಕೇಬಲ್ ಕಾರ್, ಕಾಲುದಾರಿ ಎಲ್ಲವೂ ಅದಕ್ಕೆ ಬಂದು ಕೂಡಿಕೊಳ್ಳುತ್ತವೆ.

ಇಲ್ಲಿನ ಹಡಗುಗಳು ನಮ್ಮ ಕೆಂಪು ಬಸ್ಸಿನ ಹಾಗೆ ಊರೂರಿಗೂ ನಿಂತು ಹೋಗುತ್ತವೆ. ವೇಳಾಪಟ್ಟಿ ಇದೆ, ನಿಲ್ದಾಣಗಳಿವೆ, ಸ್ವಿಸ್ ರೈಲ್ವೆಯ ಆ್ಯಪಿನಲ್ಲಿ ಎರಡು ಊರುಗಳ ಹೆಸರು ಹಾಕಿದರೆ ರೈಲಿನ ಜೊತೆಗೆ ಹಡಗಿನ ಸಮಯವೂ ಬರುತ್ತದೆ. ಒಂದು ಎಚ್ಚರಿಕೆ: ಆ್ಯಪು ಬೇಗ ತಲುಪುವ ದಾರಿಯನ್ನು ಮುಂದಿಡುತ್ತದೆ, ಅಂದರೆ ರೈಲನ್ನು. ಆಯ್ಕೆಗಳಲ್ಲಿ ಹಡಗನ್ನು ಮಾತ್ರ ಉಳಿಸಿ ಹುಡುಕಬೇಕು. ಲೂಸರ್ನ್ ರೈಲು ನಿಲ್ದಾಣದಿಂದ ಹೊರಬಂದು ರಸ್ತೆ ದಾಟಿದರೆ ಎದುರಿಗೇ ಜೆಟ್ಟಿಗಳು. ಒಂದಲ್ಲ, ಸಾಲಾಗಿ ಹಲವು, ಪ್ರತಿಯೊಂದಕ್ಕೂ ನಂಬರು. ನಿಮ್ಮ ಹಡಗು ಯಾವ ಜೆಟ್ಟಿಯಿಂದ ಎಂದು ಬೋರ್ಡಿನಲ್ಲಿ ನೋಡಿ ನಿಲ್ಲಿ. ದೊಡ್ಡದಾಗಿ ಕಾಣುವ ಹಡಗು ನಿಮ್ಮದೇ ಆಗಿರಬೇಕೆಂದಿಲ್ಲ, ಒಂದು ಗಂಟೆಯ ಸುತ್ತಿನವೂ ಅಲ್ಲೇ ನಿಂತಿರುತ್ತವೆ.

ಟಿಕೆಟಿನ ಲೆಕ್ಕವನ್ನು ಹೊರಡುವ ಮೊದಲೇ ಕೂತು ಹಾಕಿಕೊಳ್ಳಿ, ಇದರಲ್ಲಿ ಉಳಿಯುವ ಹಣ ದೊಡ್ಡದು. ಇಡೀ ದೇಶದ ರೈಲು, ಬಸ್ಸು, ಹಡಗಿಗೆ ನಡೆಯುವ ಸ್ವಿಸ್ ಟ್ರಾವೆಲ್ ಪಾಸ್ ಇದ್ದವರಿಗೆ ಈ ಸರೋವರದ ನಿಗದಿತ ಹಡಗುಗಳು ಪಾಸಿನಲ್ಲೇ ಸೇರಿವೆ. ರಿಗಿ ಬೆಟ್ಟದ ರೈಲುಗಳು, ಷ್ಟಾನ್ಸರ್‌ಹಾರ್ನ್, ಷ್ಟೋಸ್ ಬೆಟ್ಟಗಳಿಗೆ ಏರುವ ಓಟಗಳೂ ಸೇರಿವೆ. ಪಿಲಾಟುಸ್ ಬೆಟ್ಟಕ್ಕೆ ಮಾತ್ರ ಅರ್ಧ ದರ ಕೊಡಬೇಕು. ಹಲವರು ಬೆಟ್ಟವೆಲ್ಲ ಉಚಿತ ಎಂದುಕೊಂಡು ಪಿಲಾಟುಸ್ ಕೌಂಟರಿನಲ್ಲಿ ಗಾಬರಿಯಾಗುತ್ತಾರೆ. ಹಾಫ್ ಫೇರ್ ಕಾರ್ಡ್ ಇದ್ದವರಿಗೆ ಹಡಗು ಅರ್ಧ ದರ. ದೇಶ ಸುತ್ತದೆ ಈ ಸೀಮೆಯಲ್ಲೇ ಮೂರು ನಾಲ್ಕು ದಿನ ಉಳಿಯುವವರು ಟೆಲ್ ಪಾಸ್ ಎಂಬ ಸ್ಥಳೀಯ ಪಾಸಿನ ದರವನ್ನೂ ಹೋಲಿಸಿ ನೋಡಲಿ. ಅದರಲ್ಲಿ ಪಿಲಾಟುಸ್ ಕೂಡ ಸೇರಿದೆ. ಮಕ್ಕಳಿಗೆ ಫ್ಯಾಮಿಲಿ ಕಾರ್ಡ್ ಕೇಳಿ ಪಡೆಯಿರಿ. ಟ್ರಾವೆಲ್ ಪಾಸ್ ಇರುವ ತಂದೆ ಅಥವಾ ತಾಯಿ ಜೊತೆಗಿದ್ದರೆ 16 ವರ್ಷದೊಳಗಿನವರಿಗೆ ಟಿಕೆಟ್ ಬೇಡ. ಕೇಳದಿದ್ದರೆ ಅದು ತಾನಾಗಿ ಬರುವುದಿಲ್ಲ. ಲೂಸರ್ನ್ ಹೋಟೆಲಿನಲ್ಲಿ ಉಳಿದವರಿಗೆ ಕೊಡುವ ಅತಿಥಿ ಕಾರ್ಡಿನಲ್ಲಿ ಊರೊಳಗಿನ ಬಸ್ಸು ಉಚಿತ, ಹಡಗು ಅಲ್ಲ.

ಹಡಗುಗಳಲ್ಲಿ ಎರಡು ಬಗೆ. ಹೊಸ ಮೋಟಾರು ಹಡಗುಗಳು, ಮತ್ತು ಇಕ್ಕೆಲದಲ್ಲೂ ಚಕ್ರ ತಿರುಗಿಸುತ್ತ ಸಾಗುವ ಐದು ಹಬೆಹಡಗುಗಳು: ಊರಿ (1901), ಉಂಟರ್‌ವಾಲ್ಡೆನ್ (1902), ಶಿಲ್ಲರ್ (1906), ಗಾಲಿಯಾ (1913), ಷ್ಟಾಟ್ ಲೂಸರ್ನ್ (1928). ಇವು ಪ್ರದರ್ಶನಕ್ಕೆ ಇಟ್ಟವಲ್ಲ, ಬೇಸಿಗೆ ಕಾಲದ ವೇಳಾಪಟ್ಟಿಯಲ್ಲಿ ದುಡಿಯುವ ಹಡಗುಗಳು. ವೇಳಾಪಟ್ಟಿಯಲ್ಲಿ ಅವುಗಳ ಓಟಕ್ಕೆ ಬೇರೆ ಗುರುತು ಇರುತ್ತದೆ. ಒಂದು ಗಂಟೆ ಆಚೀಚೆ ಮಾಡಿಕೊಂಡಾದರೂ ಹಬೆಹಡಗನ್ನೇ ಹಿಡಿಯಿರಿ. ಒಳಗೆ ಹೋದ ಕೂಡಲೇ ಸೀಟು ಹುಡುಕುವ ಮೊದಲು ಹಡಗಿನ ನಡುಭಾಗಕ್ಕೆ ಬನ್ನಿ. ಅಲ್ಲಿ ಡೆಕ್ಕಿನ ನೆಲವನ್ನು ತೆರೆದು ಸುತ್ತ ಕಂಬಿ ಹಾಕಿರುತ್ತಾರೆ, ಕೆಳಗೆ ಇಂಜಿನ್ ಕೋಣೆ ಬಿಚ್ಚಿಟ್ಟಂತೆ ಕಾಣುತ್ತದೆ. ತೋಳಿನಷ್ಟು ದಪ್ಪದ ಉಕ್ಕಿನ ದಂಡಗಳು ಎಣ್ಣೆಯಲ್ಲಿ ಮಿಂಚುತ್ತ ಮುಂದೆ ಹೋಗಿ ಹಿಂದೆ ಬರುತ್ತವೆ, ಅವು ಎಳೆದಂತೆ ಕ್ರ್ಯಾಂಕ್ ಸುತ್ತುತ್ತದೆ, ಅದೇ ಅಚ್ಚಿನ ಎರಡು ತುದಿಗಳಲ್ಲಿ ಹಡಗಿನ ಹೊರಗೆ ಚಕ್ರಗಳು ನೀರನ್ನು ತಳ್ಳುತ್ತವೆ. ಹಳೆಯ ನಾಲ್ಕು ಹಡಗುಗಳಲ್ಲಿ ಹಬೆ ಎರಡು ಸಲ ಕೆಲಸ ಮಾಡುತ್ತದೆ: ಮೊದಲು ಚಿಕ್ಕ ಸಿಲಿಂಡರಿನಲ್ಲಿ ಹೆಚ್ಚಿನ ಒತ್ತಡದಲ್ಲಿ, ಆಮೇಲೆ ಅದೇ ಹಬೆ ದೊಡ್ಡ ಸಿಲಿಂಡರಿಗೆ ಹೋಗಿ ಉಳಿದ ಬಲವನ್ನು ಕೊಡುತ್ತದೆ. ಎರಡು ಸಿಲಿಂಡರುಗಳ ಗಾತ್ರದಲ್ಲಿರುವ ವ್ಯತ್ಯಾಸ ಮೇಲಿನಿಂದಲೇ ಕಾಣುತ್ತದೆ. ಹಿಂದೆ ಕಲ್ಲಿದ್ದಲು ಉರಿಸುತ್ತಿದ್ದವು, ಈಗ ಎಣ್ಣೆ. ಜೆಟ್ಟಿ ಹತ್ತಿರ ಬರುವಾಗ ಅಲ್ಲೇ ನಿಂತಿರಿ. ಮೇಲಿನಿಂದ ಆಜ್ಞೆ ಬರುತ್ತದೆ, ಇಂಜಿನಿನವರು ಹಿಡಿಕೆ ಎಳೆಯುತ್ತಾರೆ, ಅಷ್ಟು ದೊಡ್ಡ ಯಂತ್ರ ಕ್ಷಣ ನಿಂತು ಹಿಮ್ಮುಖವಾಗಿ ತಿರುಗತೊಡಗುತ್ತದೆ. ಮಕ್ಕಳನ್ನು ಅಲ್ಲಿಂದ ಕದಲಿಸುವುದು ಕಷ್ಟ, ಕದಲಿಸಲೂ ಬೇಡಿ.

ಮೇಲಿನ ಡೆಕ್ ಮೊದಲ ದರ್ಜೆ, ಕೆಳಗಿನದು ಎರಡನೆಯದು. ಎರಡನೇ ದರ್ಜೆಯ ಪಾಸಿನಲ್ಲಿ ಗೊತ್ತಿಲ್ಲದೆ ಮೇಲೆ ಹೋಗಿ ಕೂತವರನ್ನು ಟಿಕೆಟ್ ನೋಡುವವರು ವಿನಯದಿಂದಲೇ ಕೆಳಗೆ ಕಳಿಸುತ್ತಾರೆ. ವ್ಯತ್ಯಾಸದ ಹಣ ಹಡಗಿನಲ್ಲೇ ಕೊಟ್ಟು ಮೇಲೆ ಉಳಿಯಲೂಬಹುದು. ಕೆಳಗಿನ ಡೆಕ್ಕಿನಲ್ಲಿ ಹಡಗಿನ ಮೂತಿಯ ಕಡೆಯ ತೆರೆದ ಜಾಗ ಚೆನ್ನ. ಅಲ್ಲಿ ಗಾಳಿ ಬೀಸುವುದು ಜೋರು, ಜುಲೈಯಲ್ಲೂ ಒಂದು ತೆಳು ಜಾಕೆಟ್ ಬೇಕು.

ಲೂಸರ್ನ್‌ನಿಂದ ಫ್ಲೂಎಲೆನ್‌ವರೆಗೆ ಪೂರ್ತಿ ಹೋದರೆ ಮೂರು ಗಂಟೆಗೆ ತುಸು ಕಡಿಮೆ. ವೆಗ್ಗಿಸ್‌ಗೆ ಸುಮಾರು ಮುಕ್ಕಾಲು ಗಂಟೆ, ಫಿಟ್ಸ್‌ನೌಗೆ ಒಂದು ಗಂಟೆ, ಬ್ರುನ್ನೆನ್‌ಗೆ ಎರಡು ಗಂಟೆ ಹತ್ತಿರ. ಎಲ್ಲಿ ಕೂರಬೇಕು ಎಂಬ ಪ್ರಶ್ನೆಗೆ ಉತ್ತರ ಬ್ರುನ್ನೆನ್‌ನಲ್ಲಿ ಬದಲಾಗುತ್ತದೆ. ಲೂಸರ್ನ್ ಬಿಟ್ಟ ಮೇಲೆ ಬಲಕ್ಕೆ ಪಿಲಾಟುಸ್, ಆಮೇಲೆ ಬುರ್ಗೆನ್‌ಷ್ಟಾಕ್‌ನ ಕಡಿದಾದ ಗೋಡೆ. ಎಡಕ್ಕೆ ರಿಗಿಯ ಇಳಿಜಾರು ಮತ್ತು ಬಿಸಿಲಿಗೆ ಮುಖ ಮಾಡಿದ ಊರುಗಳು. ಬ್ರುನ್ನೆನ್ ದಾಟಿ ಹಡಗು ದಕ್ಷಿಣಕ್ಕೆ ತಿರುಗಿದ ಕೂಡಲೇ ಬಲಕ್ಕೆ ಬನ್ನಿ. ನೀರಿನಿಂದ ನೇರ ಎದ್ದ ಒಂದು ಒಂಟಿ ಕಲ್ಲುಕಂಬ ಕಾಣುತ್ತದೆ, ಮೇಲೆ ಬಂಗಾರದ ಅಕ್ಷರ. ಸ್ವಿಸ್ ದಂತಕಥೆಯ ವೀರ ವಿಲಿಯಂ ಟೆಲ್ ಕಥೆಯನ್ನು ನಾಟಕ ಮಾಡಿದ ಜರ್ಮನ್ ಕವಿ ಶಿಲ್ಲರ್‌ಗೆ 1859ರಲ್ಲಿ ಇಲ್ಲಿನ ಜನ ಸಲ್ಲಿಸಿದ ಗೌರವ ಅದು. ಅದರ ಮುಂದೆ ರ್ಯೂಟ್ಲಿ. ಇನ್ನೂ ಮುಂದೆ ಹೋದಾಗ ಎಡಕ್ಕೆ ದಾಟಿಕೊಳ್ಳಿ: ಆಕ್ಸೆನ್ ಬಂಡೆಗಳ ಬುಡದಲ್ಲಿ, ನೀರಿನ ಅಂಚಿಗೇ, ಟೆಲ್‌ನ ಪುಟ್ಟ ಪ್ರಾರ್ಥನಾ ಮಂದಿರ.

ಬಹಳ ಜನ ಮಾಡುವ ತಪ್ಪು, ಅದೇ ಹಡಗಿನಲ್ಲಿ ಅದೇ ದಾರಿಯಲ್ಲಿ ವಾಪಸು ಬರುವುದು. ಆರು ಗಂಟೆ ಹಡಗಿನಲ್ಲೇ ಕೂತರೆ ಎಂಥ ಚೆಲುವೂ ಬೇಸರ ತರಿಸುತ್ತದೆ. ಫ್ಲೂಎಲೆನ್‌ನಲ್ಲಿ ರೈಲು ನಿಲ್ದಾಣ ಜೆಟ್ಟಿಯ ಮಗ್ಗುಲಿಗೇ ಇದೆ. ಆರ್ತ್-ಗೋಲ್ಡೌ ಮೂಲಕ ಸುಮಾರು ಒಂದು ಗಂಟೆಯಲ್ಲಿ ಲೂಸರ್ನ್. ಬ್ರುನ್ನೆನ್‌ನಲ್ಲಿ ಮಾತ್ರ ಜೆಟ್ಟಿಯಿಂದ ನಿಲ್ದಾಣಕ್ಕೆ ಹತ್ತು ಹದಿನೈದು ನಿಮಿಷ ನಡೆಯಬೇಕು. ಹೋಗುವಾಗ ಹಡಗು, ಬರುವಾಗ ರೈಲು ಎಂದು ಗೊತ್ತುಮಾಡಿಕೊಂಡರೆ ಮಧ್ಯದಲ್ಲಿ ಎರಡು ಮೂರು ಗಂಟೆ ಕೈಗೆ ಸಿಗುತ್ತದೆ, ಇಳಿದು ನಡೆಯಲು ಅದನ್ನು ಬಳಸಬಹುದು. ಕೊನೆಯ ಹಡಗಿನ ಭಯವೂ ಇರುವುದಿಲ್ಲ. ಊರಿ ಸರೋವರದಿಂದ ಲೂಸರ್ನ್ ಕಡೆಗಿನ ಕೊನೆಯ ಹಡಗು ಬೇಸಿಗೆಯಲ್ಲೂ ಕತ್ತಲಾಗುವುದಕ್ಕೆ ಬಹಳ ಮೊದಲೇ ಹೊರಟುಬಿಡುತ್ತದೆ. ಒಂಬತ್ತು ಗಂಟೆಯವರೆಗೆ ಬೆಳಕಿದೆ, ಹಡಗೂ ಇರುತ್ತದೆ ಎಂದು ನಂಬಿ ಕೂತವರಿಗೆ ರ್ಯೂಟ್ಲಿಯಂಥ ರಸ್ತೆಯಿಲ್ಲದ ಜಾಗದಲ್ಲಿ ಬೆಟ್ಟ ಹತ್ತುವುದೊಂದೇ ದಾರಿ ಉಳಿಯುತ್ತದೆ. ಆದ್ದರಿಂದ ಎಲ್ಲಿ ಇಳಿದರೂ ಮೊದಲ ಕೆಲಸ ಜೆಟ್ಟಿಯಲ್ಲಿ ಅಂಟಿಸಿರುವ ವೇಳಾಪಟ್ಟಿಯ ಫೋಟೊ ತೆಗೆದುಕೊಳ್ಳುವುದು. ಅದರಲ್ಲಿ ಋತುವಿನ ತಾರೀಖು, ಭಾನುವಾರ ಮತ್ತು ರಜಾದಿನದ ಗುರುತುಗಳನ್ನು ಸರಿಯಾಗಿ ನೋಡಿ.

ಹತ್ತುವುದು ಇಳಿಯುವುದಕ್ಕೂ ಒಂದು ರೀತಿ ಇದೆ. ಸಣ್ಣ ಜೆಟ್ಟಿಗಳಲ್ಲಿ ಹಡಗು ನಿಲ್ಲುವುದು ಒಂದೆರಡು ನಿಮಿಷ. ಹಲಗೆ ಹಾಕಿದ ತಕ್ಷಣ ಮೊದಲು ಇಳಿಯುವವರು, ಆಮೇಲೆ ಹತ್ತುವವರು, ಮತ್ತೆ ಹಲಗೆ ಎಳೆದು ಹೊರಟೇಬಿಟ್ಟರು. ದೊಡ್ಡ ಕುಟುಂಬದ ಜೊತೆ ಇದ್ದರೆ ಐದು ನಿಮಿಷ ಮೊದಲೇ ಎಲ್ಲರನ್ನೂ ಬಾಗಿಲ ಹತ್ತಿರ ಸೇರಿಸಿ.

ರಿಗಿಗೆ ಹೋಗುವ ದಿನ ಈ ಮಾತು ಇನ್ನೂ ಮುಖ್ಯ. 1871ರಲ್ಲಿ ಫಿಟ್ಸ್‌ನೌನಿಂದ ಶುರುವಾದ ಈ ಹಲ್ಲುಹಳಿ ರೈಲು ಯುರೋಪಿನಲ್ಲೇ ಮೊದಲ ಬೆಟ್ಟದ ರೈಲು. ಎರಡು ಹಳಿಗಳ ನಡುವೆ ಏಣಿಯಂಥ ಮೂರನೆಯ ಹಳಿ ಇದೆ, ಇಂಜಿನಿನ ಕೆಳಗಿನ ಹಲ್ಲುಗಾಲಿ ಅದರ ಮೆಟ್ಟಿಲುಗಳನ್ನು ಹಿಡಿದು ಏರುತ್ತದೆ. ಜೆಟ್ಟಿಯ ಎದುರಿಗೇ ರೈಲು ನಿಂತಿರುತ್ತದೆ, ಹಡಗಿನ ಸಮಯಕ್ಕೆ ಹೊಂದಿಸಿಯೇ ಬಿಡುತ್ತಾರೆ. ಹಡಗಿನಿಂದ ಕೊನೆಗೆ ಇಳಿದವರಿಗೆ ರೈಲಿನಲ್ಲಿ ನಿಂತು ಹೋಗುವ ಭಾಗ್ಯ, ಅಥವಾ ಮುಂದಿನ ರೈಲು. ಬೆಳಗಿನ ಮೊದಲ ಹಡಗುಗಳಲ್ಲಿ ಗುಂಪು ಕಡಿಮೆ. ಹತ್ತು ಗಂಟೆಯ ಮೇಲೆ ಪ್ಯಾಕೇಜಿನವರು ಬರುತ್ತಾರೆ. 1,798 ಮೀಟರಿನ ರಿಗಿ ಕುಲ್ಮ್ ತುದಿಗೆ ಅರ್ಧ ಗಂಟೆ ಸಾಕು.

ತುದಿಯಿಂದ ಅದೇ ರೈಲಿನಲ್ಲಿ ಇಳಿಯಬೇಡಿ. ಕುಲ್ಮ್‌ನಿಂದ ಷ್ಟಾಫೆಲ್ ಮೂಲಕ ಕಾಲ್ಟ್‌ಬಾಡ್‌ವರೆಗೆ ಅಗಲವಾದ ಒಳ್ಳೆಯ ದಾರಿ, ಇಳಿಜಾರು, ಒಂದೂಕಾಲು ಗಂಟೆಯ ನಡಿಗೆ. ಮೊಣಕಾಲು ನೋವಿರುವ ಹಿರಿಯರು ನಡುವೆ ಎಲ್ಲಿ ಬೇಕಾದರೂ ರೈಲು ಹತ್ತಬಹುದು, ದಾರಿ ಹಳಿಯ ಆಸುಪಾಸಿನಲ್ಲೇ ಸಾಗುತ್ತದೆ. ಕಾಲ್ಟ್‌ಬಾಡ್‌ನಿಂದ ಕೇಬಲ್ ಕಾರಿನಲ್ಲಿ ವೆಗ್ಗಿಸ್‌ಗೆ ಇಳಿದರೆ ಸರೋವರ ಕಾಲಡಿಯಿಂದ ಮೇಲೇರಿ ಬಂದಂತೆ ಕಾಣುತ್ತದೆ. ಇಲ್ಲಿ ಒಂದು ಎಡವಟ್ಟು ಕಾದಿದೆ: ಕೇಬಲ್ ಕಾರ್ ಇಳಿಯುವ ಜಾಗ ವೆಗ್ಗಿಸ್ ಜೆಟ್ಟಿಯ ಪಕ್ಕದಲ್ಲಿಲ್ಲ, ಊರ ಮೇಲ್ಭಾಗದಲ್ಲಿದೆ. ಜೆಟ್ಟಿಗೆ ಹದಿನೈದು ನಿಮಿಷದ ನಡಿಗೆ. ಹಡಗಿನ ಸಮಯಕ್ಕೆ ಅರ್ಧ ಗಂಟೆ ಮೊದಲು ಕೆಳಗಿರುವಂತೆ ಲೆಕ್ಕ ಹಾಕಿ. ಈ ಸುತ್ತನ್ನು ತಿರುಗಾಮುರುಗಾ ಮಾಡುವವರಿಗೆ ಆ ಹದಿನೈದು ನಿಮಿಷ ಏರುದಾರಿಯಾಗುತ್ತದೆ, ಅದಕ್ಕೇ ಫಿಟ್ಸ್‌ನೌನಿಂದ ಹತ್ತಿ ವೆಗ್ಗಿಸ್‌ಗೆ ಇಳಿಯುವುದು ಸರಿ. ಕೇಬಲ್ ಕಾರನ್ನು ನಿರ್ವಹಣೆಗಾಗಿ ಕೆಲವು ದಿನ ನಿಲ್ಲಿಸುತ್ತಾರೆ, ಹೊರಡುವ ಹಿಂದಿನ ದಿನ ನೋಡಿಕೊಳ್ಳಿ.

ಪಿಲಾಟುಸ್ ಸುತ್ತು ಇದಕ್ಕಿಂತ ಹೆಸರುವಾಸಿ, ಖರ್ಚೂ ಹೆಚ್ಚು. ಹಡಗಿನಲ್ಲಿ ಆಲ್ಪ್‌ನಾಖ್‌ಷ್ಟಾಡ್, ಅಲ್ಲಿಂದ 1889ರ ಹಲ್ಲುಹಳಿ ರೈಲು, ಮೇಲಿನಿಂದ ಕೇಬಲ್ ಕಾರಿನಲ್ಲಿ ಕ್ರೀನ್ಸ್, ಅಲ್ಲಿಂದ ಸಿಟಿ ಬಸ್ಸು. ರೈಲಿನ ಏರು ಶೇ 48ರವರೆಗೆ ಹೋಗುತ್ತದೆ, ಜಗತ್ತಿನ ಹಲ್ಲುಹಳಿ ರೈಲುಗಳಲ್ಲಿ ಇದೇ ಅತಿ ಕಡಿದು. ಆದರೆ ಚಳಿಗಾಲದಲ್ಲಿ ಈ ರೈಲು ಓಡುವುದಿಲ್ಲ. ಆಗ ಕ್ರೀನ್ಸ್ ಕಡೆಯಿಂದಲೇ ಹೋಗಿ ಬರಬೇಕು. ಸರೋವರವನ್ನು ನೋಡುವುದೇ ಗುರಿಯಾಗಿದ್ದರೆ ರಿಗಿ ಮೇಲು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅದು ನೀರಿನ ನಡುವೆ ನಿಂತ ಬೆಟ್ಟ, ಮೂರು ಕಡೆ ಸರೋವರಗಳು. ಬ್ರುನ್ನೆನ್ ಕಡೆ ಉಳಿದವರು ಷ್ಟೋಸ್‌ಗೆ ಹೋಗಿ ಫ್ರೊನಾಲ್ಪ್‌ಷ್ಟಾಕ್ (1,922 ಮೀಟರ್) ತುದಿ ಏರಲಿ. ಊರಿ ಸರೋವರ ತಿರುಗುವ ಆ ಮೂಲೆ ಅಲ್ಲಿಂದ ಕಾಣುವಷ್ಟು ಚೆನ್ನಾಗಿ ಬೇರೆಲ್ಲೂ ಕಾಣದು. ಷ್ಟೋಸ್‌ಗೆ ಏರುವ ಹಗ್ಗದ ರೈಲಿನ ಕಡಿದು ಶೇ 110ರವರೆಗೆ ಇದೆ. ಉರುಳೆಯಾಕಾರದ ಅದರ ಬೋಗಿಗಳು ಏರಿಗೆ ತಕ್ಕಂತೆ ತಿರುಗುವುದರಿಂದ ಒಳಗಿನ ನೆಲ ಸಮವಾಗಿಯೇ ಇರುತ್ತದೆ.

ನಡೆಯುವವರಿಗೆ ಈ ಸರೋವರದಲ್ಲಿ ಬೇರೆಯದೇ ಐಶ್ವರ್ಯ. 1991ರಲ್ಲಿ ಸ್ವಿಸ್ ಒಕ್ಕೂಟಕ್ಕೆ 700 ವರ್ಷ ತುಂಬಿದಾಗ ಊರಿ ಸರೋವರದ ಸುತ್ತ 35 ಕಿ.ಮೀ. ಕಾಲುದಾರಿ ಮಾಡಿದರು. ರ್ಯೂಟ್ಲಿಯಲ್ಲಿ ಶುರು, ಬ್ರುನ್ನೆನ್‌ನಲ್ಲಿ ಕೊನೆ. ಆಗಿನ ಜನಸಂಖ್ಯೆಯ ಪ್ರತಿಯೊಬ್ಬರಿಗೂ ಐದು ಮಿಲಿಮೀಟರ್ ದಾರಿ ಎಂಬ ಲೆಕ್ಕದಲ್ಲಿ ಅದನ್ನು ರಾಜ್ಯಗಳಿಗೆ ಹಂಚಿ, ಗಡಿಕಲ್ಲು ನೆಟ್ಟಿದ್ದಾರೆ. ಕಲ್ಲಿನಿಂದ ಕಲ್ಲಿಗೆ ದೂರ ಎಷ್ಟು ಎಂದು ನೋಡುತ್ತ ಹೋದರೆ ಯಾವ ರಾಜ್ಯ ದೊಡ್ಡದು, ಯಾವುದು ಚಿಕ್ಕದು ಎಂಬುದು ಕಾಲಿಗೇ ಗೊತ್ತಾಗುತ್ತದೆ.

ಪೂರ್ತಿ ನಡೆಯಬೇಕಿಲ್ಲ, ತುಂಡು ಆರಿಸಿಕೊಳ್ಳಿ. ಸುಲಭದ್ದು ಬೌಎನ್‌ನಿಂದ ಫ್ಲೂಎಲೆನ್: ಹತ್ತು ಕಿ.ಮೀ. ಒಳಗೆ, ಹೆಚ್ಚೂಕಡಿಮೆ ಸಮತಟ್ಟು, ಎರಡೂವರೆಯಿಂದ ಮೂರು ಗಂಟೆ. ಬೌಎನ್‌ನಲ್ಲಿ ಆಲ್ಪ್ಸ್ ನಡುವೆ ತಾಳೆಯ ಗಿಡಗಳು ಬೆಳೆಯುವಷ್ಟು ಹದವಾದ ಹವೆ ಇದೆ. ಅಲ್ಲಿಂದ ದಾರಿ ನೀರಿನ ಅಂಚು ಹಿಡಿದು ಇಸ್ಲೆಟೆನ್ ದಾಟಿ, ರಾಯ್ಸ್ ನದಿ ಸರೋವರ ಸೇರುವ ಜವುಗು ನೆಲಕ್ಕೆ ಬರುತ್ತದೆ. ಅಲ್ಲಿನ ಪುಟ್ಟ ದ್ವೀಪಗಳನ್ನು ಗಾಟ್‌ಹಾರ್ಡ್ ತಳಸುರಂಗ ಕೊರೆದಾಗ ಬಂದ ಕಲ್ಲು ಸುರಿದು ಮಾಡಿದ್ದಾರೆ. ಕೆಲವು ಹಕ್ಕಿಗಳಿಗೆ, ಕೆಲವು ಈಜುವವರಿಗೆ. ಈಜುಡುಗೆ ಚೀಲದಲ್ಲಿರಲಿ. ನೀರು ಮಾತ್ರ ಲೂಸರ್ನ್ ಕಡೆಗಿಂತ ತಣ್ಣಗೆ, ಹಿಮ ಕರಗಿದ ನದಿ ಅಲ್ಲೇ ಬಂದು ಬೀಳುತ್ತದೆ.

ರ್ಯೂಟ್ಲಿಯಿಂದ ಬೌಎನ್‌ವರೆಗಿನ ತುಂಡು ಸುಂದರ, ಆದರೆ ಸುಲಭವೆಂದು ನಂಬಬೇಡಿ. ಮೊದಲು ಜೇಲಿಸ್‌ಬರ್ಗ್‌ಗೆ ಮುನ್ನೂರು ಮೀಟರಿಗೂ ಹೆಚ್ಚು ಏರು, ಆಮೇಲೆ ಬೌಎನ್‌ಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿತ. ಒಟ್ಟು ಮೂರು ಗಂಟೆಗೂ ಮಿಕ್ಕಿ. ಏರು ಬೇಡದವರಿಗೆ ಉಪಾಯವಿದೆ: ಟ್ರೈಬ್ ಜೆಟ್ಟಿಯಲ್ಲಿ ಇಳಿದು, 1916ರಿಂದ ಓಡುತ್ತಿರುವ ಹಗ್ಗದ ರೈಲಿನಲ್ಲಿ ಜೇಲಿಸ್‌ಬರ್ಗ್ ಸೇರಿ, ಅಲ್ಲಿಂದ ರ್ಯೂಟ್ಲಿಗೆ ಇಳಿದು ಬನ್ನಿ. ಒಂದು ಗಂಟೆಯ ಕಾಡುದಾರಿ. ರ್ಯೂಟ್ಲಿಯಲ್ಲಿ ಕಟ್ಟಡ ಸ್ಮಾರಕ ಏನೂ ದೊಡ್ಡದಿಲ್ಲ, ಹುಲ್ಲುಗಾವಲು, ಧ್ವಜ, ಒಂದು ಅತಿಥಿಗೃಹ. 1940ರ ಜುಲೈ 25ರಂದು, ಸುತ್ತಲೂ ಹಿಟ್ಲರ್ ಪಾಳಯ ಇದ್ದಾಗ, ಸ್ವಿಸ್ ಸೇನೆಯ ಮುಖ್ಯಸ್ಥ ಜನರಲ್ ಗಿಸಾನ್ ತಮ್ಮ ಹಿರಿಯ ಸೇನಾಧಿಕಾರಿಗಳನ್ನು ಇಲ್ಲಿ ನಿಲ್ಲಿಸಿ ದೇಶವನ್ನು ಕಾಯುವ ಮಾತಾಡಿದರು. ಅವರನ್ನು ಕರೆತಂದದ್ದು ಇದೇ ಷ್ಟಾಟ್ ಲೂಸರ್ನ್ ಹಡಗು. ಇದು ಗೊತ್ತಿದ್ದು ಅದೇ ಹಡಗಿನಿಂದ ಅದೇ ಜೆಟ್ಟಿಗೆ ಕಾಲಿಟ್ಟರೆ ಆ ಬರಿಯ ಹುಲ್ಲುಗಾವಲಿಗೆ ಬೇರೆ ಅರ್ಥ ಬರುತ್ತದೆ.

ದಾರಿಯ ಹಳದಿ ಫಲಕಗಳಲ್ಲಿ ಇರುವುದು ಕಿಲೋಮೀಟರ್ ಅಲ್ಲ, ಗಂಟೆ ಮತ್ತು ನಿಮಿಷ. ಕೂರುವ, ತಿನ್ನುವ, ಫೋಟೊ ತೆಗೆಯುವ ಹೊತ್ತು ಅದರಲ್ಲಿ ಸೇರಿಲ್ಲ. ನಡೆದು ರೂಢಿಯಿಲ್ಲದವರು ಫಲಕದ ಸಮಯಕ್ಕೆ ಅರ್ಧದಷ್ಟು ಸೇರಿಸಿಕೊಂಡೇ ಹಡಗು ನೋಡಲಿ. ಬಿಳಿ-ಕೆಂಪು-ಬಿಳಿ ಪಟ್ಟೆಯ ಗುರುತಿರುವಲ್ಲಿ ಸಾದಾ ಬೂಟು ಸಾಲದು, ಅದು ಬೆಟ್ಟದ ದಾರಿ. ಊರುಗಳ ಕಲ್ಲಿನ ಕಾರಂಜಿಗಳಲ್ಲಿ ಕುಡಿಯಬಾರದೆಂದು ಬರೆದಿಲ್ಲದಿದ್ದರೆ ನೀರು ಕುಡಿಯಬಹುದು. ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಲೂಸರ್ನ್ ನಿಲ್ದಾಣದಲ್ಲೇ ಬುತ್ತಿ ತುಂಬಿಕೊಳ್ಳಲಿ. ಭಾನುವಾರ ಸಣ್ಣ ಊರುಗಳ ಅಂಗಡಿಗಳು ಮುಚ್ಚಿರುತ್ತವೆ, ನಿಲ್ದಾಣದವು ತೆರೆದಿರುತ್ತವೆ. ಮನೆಯಿಂದ ತಂದ ಚಟ್ನಿಪುಡಿ ಇದ್ದರೆ ಅಲ್ಲಿನ ಬ್ರೆಡ್ಡು ಬೆಣ್ಣೆಗೆ ಚೆನ್ನಾಗಿ ಹೊಂದುತ್ತದೆ.

ಇನ್ನು ತಾವೇ ಹುಟ್ಟು ಹಾಕಿ ಹೋಗಬಯಸುವವರಿಗೆ. ಲೂಸರ್ನ್ ದಡದಲ್ಲಿ ಪೆಡಲ್ ದೋಣಿ, ಸಣ್ಣ ಮೋಟಾರು ದೋಣಿ ಬಾಡಿಗೆಗೆ ಸಿಗುತ್ತವೆ. ಆರು ಕಿಲೋವಾಟ್‌ವರೆಗಿನ ಮೋಟಾರಿಗೆ ಲೈಸೆನ್ಸ್ ಬೇಡ. ಕಯಾಕ್ ಮತ್ತು ನಿಂತು ಹುಟ್ಟು ಹಾಕುವ ಹಲಗೆಗೆ ಬ್ರುನ್ನೆನ್ ಕಡೆ ಹೋಗುವುದು ಒಳ್ಳೆಯದು. ದಡದಿಂದ 300 ಮೀಟರ್ ಆಚೆ ಹೋಗುವುದಾದರೆ ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಕಡ್ಡಾಯ. ನಿಗದಿತ ಹಡಗುಗಳು ಹಗಲಲ್ಲಿ ಹಸಿರು ಚೆಂಡಿನ ಗುರುತು ಏರಿಸಿರುತ್ತವೆ. ಅವಕ್ಕೆ ಯಾವಾಗಲೂ ದಾರಿ ಬಿಡಬೇಕು, ಜೆಟ್ಟಿಗಳ ಮುಂದೆ ಅಡ್ಡಾಡಬಾರದು. ಹಡಗು ಹೋದ ಮೇಲೆ ಬರುವ ಅಲೆಗೆ ದೋಣಿಯ ಮೂತಿಯನ್ನು ಎದುರು ತಿರುಗಿಸಿ. ಅಡ್ಡಲಾಗಿ ಸಿಕ್ಕಿದರೆ ಮಗುಚುತ್ತದೆ.

ಗಾಳಿಯ ಗುಣ ಅರಿಯದೆ ಊರಿ ಸರೋವರಕ್ಕೆ ಇಳಿಯಬಾರದು. ಬೇಸಿಗೆಯ ಬಿಸಿಲ ದಿನಗಳಲ್ಲಿ ಮಧ್ಯಾಹ್ನದ ಮೇಲೆ ಉತ್ತರದಿಂದ ಕಣಿವೆಯೊಳಕ್ಕೆ ಗಾಳಿ ಏಳುತ್ತದೆ. ಬ್ರುನ್ನೆನ್‌ನಿಂದ ದಕ್ಷಿಣಕ್ಕೆ ಹೊರಟವರಿಗೆ ಅದು ಬೆನ್ನ ಹಿಂದಿನ ಗಾಳಿ. ದೋಣಿ ಹಗುರವಾಗಿ ಓಡುತ್ತದೆ, ಖುಷಿಯಾಗುತ್ತದೆ. ಕಷ್ಟ ತಿಳಿಯುವುದು ತಿರುಗಿದಾಗ, ತೋಳು ಸೋತಿರುವ ಹೊತ್ತಿನಲ್ಲಿ. ಬೆಳಗ್ಗೆಯೇ ಹೋಗಿ ಮಧ್ಯಾಹ್ನದೊಳಗೆ ಮರಳುವುದು ಸರಿಯಾದ ಕ್ರಮ. ಇದಕ್ಕಿಂತ ಅಪಾಯಕಾರಿ ಫ್ಯೋನ್ (Föhn) ಎಂಬ ದಕ್ಷಿಣದ ಗಾಳಿ. ಆಲ್ಪ್ಸ್ ದಾಟಿ ರಾಯ್ಸ್ ಕಣಿವೆಯಲ್ಲಿ ನುಗ್ಗಿ ಬರುವ ಒಣ ಬಿಸಿಗಾಳಿ, ವಸಂತದಲ್ಲೂ ಶರತ್ಕಾಲದಲ್ಲೂ ಹೆಚ್ಚು. ಆ ದಿನಗಳಲ್ಲಿ ಆಕಾಶ ನಿಚ್ಚಳ, ಬೆಟ್ಟಗಳು ಕೈಗೆಟುಕುವಂತೆ ಹತ್ತಿರ ಕಾಣುತ್ತವೆ. ಹೊಸಬರಿಗೆ ಇದು ಒಳ್ಳೆಯ ಹವೆಯೆನಿಸುತ್ತದೆ. ಗಾಳಿ ಎದ್ದರೆ ಎರಡೂ ಕಡೆಯ ಬಂಡೆಗೋಡೆಗಳಿಗೆ ಬಡಿದ ಅಲೆ ಮರಳಿ ಬಂದು ನೀರು ಗೊಂದಲವಾಗುತ್ತದೆ, ಇಳಿಯೋಣವೆಂದರೆ ದಡವೇ ಇಲ್ಲ. ಬ್ರುನ್ನೆನ್‌ನಲ್ಲಿ ಈ ಗಾಳಿಗೆಂದೇ ಬೇರೆ ಆಸರೆ ಬಂದರು ಕಟ್ಟಿದ್ದಾರೆ ಎಂದರೆ ಅದರ ಜೋರು ಊಹಿಸಬಹುದು. ಫ್ಯೋನ್ ಬಲವಾಗಿದ್ದಾಗ ದೊಡ್ಡ ಹಡಗುಗಳೂ ಕೆಲವು ಜೆಟ್ಟಿಗಳಿಗೆ ಹೋಗದೆ ಇರಬಹುದು.

ದಡದುದ್ದಕ್ಕೂ ಕಂಬಗಳ ಮೇಲೆ ಕಿತ್ತಳೆ ದೀಪಗಳಿವೆ. ನಿಮಿಷಕ್ಕೆ 40 ಸಲ ಮಿನುಗಿದರೆ ಬಿರುಗಾಳಿ ಬರುವ ಸಂಭವವಿದೆ, ಎಚ್ಚರ. 90 ಸಲ ಮಿನುಗಿದರೆ ಬಿರುಗಾಳಿ ಬಂದೇಬಿಟ್ಟಿತೆಂದು ತಿಳಿದು ತಕ್ಷಣ ದಡ ಸೇರಬೇಕು. ಗಡಿಯಾರ ನೋಡಿ ಎಣಿಸಬೇಕಿಲ್ಲ. ಮೊದಲನೆಯದು ನಿಧಾನ ಎನಿಸುತ್ತದೆ, ಎರಡನೆಯದು ಸೆಕೆಂಡಿಗೆ ಒಂದೂವರೆ ಮಿನುಗು. ನಿಧಾನದ್ದು ಕಂಡಾಗಲೇ ಹೊರಳಿಬಿಡುವುದು ಜಾಣತನ.

ಸೈಕಲ್ಲಿನವರಿಗೆ ಒಂದೇ ಮಾತು: ಬ್ರುನ್ನೆನ್‌ನಿಂದ ಫ್ಲೂಎಲೆನ್‌ಗೆ ಆಕ್ಸೆನ್ ರಸ್ತೆಯಲ್ಲಿ ಹೋಗುವ ಬದಲು ಹಡಗಿಗೆ ಸೈಕಲ್ ಟಿಕೆಟ್ ಕೊಂಡು ಹತ್ತಿ. ಲಾರಿಗಳ ಓಡಾಟ, ಸುರಂಗ, ಕಲ್ಲು ಉರುಳುವ ಇಳಿಜಾರು ಎಲ್ಲ ಸೇರಿ ಆ ರಸ್ತೆ ರಜೆಯ ಖುಷಿಗೆ ತಕ್ಕದ್ದಲ್ಲ. ಬೆಕೆನ್‌ರೀಡ್ ಮತ್ತು ಗೆರ್ಸೌ ನಡುವೆ ಬೇಸಿಗೆ ಕಾಲದಲ್ಲಿ ಕಾರುಗಳನ್ನು ದಾಟಿಸುವ ಫೆರಿ ಇದೆ, ಸುಮಾರು ಇಪ್ಪತ್ತು ನಿಮಿಷ. ಕಾರು ತಂದ ಜರ್ಮನಿಯ ಕನ್ನಡಿಗರಿಗೆ ಅದು ಉಪಯೋಗ. ಹೆದ್ದಾರಿಯ ವಾರ್ಷಿಕ ಸ್ಟಿಕ್ಕರಿಗೆ 40 ಫ್ರಾಂಕ್, ಮರೆತರೆ ದಂಡ ಬಹಳ ಹೆಚ್ಚು.

ಕಾಲದ ವಿಷಯ. ಎಲ್ಲವೂ ಒಟ್ಟಿಗೆ ಸಿಗುವುದು ಜೂನ್‌ನಿಂದ ಸೆಪ್ಟೆಂಬರ್. ಸೆಪ್ಟೆಂಬರಿನಲ್ಲಿ ಗುಂಪು ಇಳಿದು, ನೀರು ಇನ್ನೂ ಬೆಚ್ಚಗಿರುತ್ತದೆ. ಆರಿಸುವ ಅವಕಾಶವಿದ್ದರೆ ಅದೇ ತಿಂಗಳು. ನವೆಂಬರ್‌ನಿಂದ ಫೆಬ್ರುವರಿವರೆಗೆ ಹಬೆಹಡಗುಗಳು ವಿರಳ, ಊರಿ ಸರೋವರದ ಕಡೆ ಓಟ ಕಡಿಮೆ, ಮೇಲಾಗಿ ಮಂಜು. ಸರೋವರದ ಮೇಲೆ ದಿನಗಟ್ಟಲೆ ಬೂದು ಮುಚ್ಚಳ ಹಾಕಿದಂತೆ ಕೂರುತ್ತದೆ, ಹಡಗಿನಿಂದ ಎದುರು ದಡವೂ ಕಾಣದು. ಆ ಮಂಜಿನ ಮೇಲ್ಮೈ ಹಲವು ಸಲ ಸಾವಿರ ಮೀಟರಿನ ಆಸುಪಾಸಿನಲ್ಲೇ ಮುಗಿದುಹೋಗಿ, ರಿಗಿಯ ಮೇಲೆ ಬಿಸಿಲಿರುತ್ತದೆ. ಅಂಥ ದಿನ ಯೋಜನೆಯನ್ನು ತಿರುಗಿಸಿ. ಬೆಳಗ್ಗೆ ಎದ್ದ ಕೂಡಲೇ ಬೆಟ್ಟದ ವೆಬ್‌ಕ್ಯಾಮೆರಾ ನೋಡಿ, ಮೇಲೆ ನೀಲಿ ಕಂಡರೆ ರೈಲಿನಲ್ಲಿ ಆರ್ತ್-ಗೋಲ್ಡೌಗೆ ಹೋಗಿ ಅಲ್ಲಿಂದ ನೀಲಿ ಹಲ್ಲುಹಳಿ ರೈಲು ಹತ್ತಿ. ಬಿಸಿಲಿನಲ್ಲಿ ಅರ್ಧ ದಿನ ಕಳೆದು ಮಧ್ಯಾಹ್ನ ಎರಡರ ಮೇಲೆ ಫಿಟ್ಸ್‌ನೌ ಕಡೆಗೆ ಇಳಿಯಿರಿ. ಮಂಜು ಕರಗುವುದಿದ್ದರೆ ಸಾಮಾನ್ಯವಾಗಿ ಅಷ್ಟರೊಳಗೆ ಕರಗಿರುತ್ತದೆ, ಚಳಿಗಾಲದ ವೇಳಾಪಟ್ಟಿಯ ಹಡಗು ಹಿಡಿದು ಲೂಸರ್ನ್‌ಗೆ ಬರಬಹುದು. ಕರಗದಿದ್ದರೆ ಫಿಟ್ಸ್‌ನೌನಿಂದ ಕ್ಯೂಸ್‌ನಾಖ್ಟ್ ರೈಲು ನಿಲ್ದಾಣಕ್ಕೆ ಬಸ್ಸಿದೆ.